ನಿಯತ್ತು, ಒಂದು ಓಲೆ, 800 ರೂಪಾಯಿ

ನಮ್ಮ ಮನೆಗೆ ಪಾತ್ರೆ ತೊಳೆಯಲು, ಕಸ ಗುಡಿಸಲು ಬರುತ್ತಿದ್ದವರು ಒಂದು ದಿನ ಬೆಳಿಗ್ಗೆ ಬಚ್ಚಲಿನ ಜಾಲರಿಯಲ್ಲಿ ಸಿಕ್ಕಿತು ಅಂತ ಒಂದು ಚಿನ್ನದ ಓಲೆ ತಂದು ಅಡುಗೆಮನೆ ಕಟ್ಟೆಯ ಮೇಲೆ ಇಟ್ಟರು. ನನ್ನ ಹೆಂಡತಿಯದು. ಕಳೆದು ಮೂರು ವಾರ ಆಗಿತ್ತು. ಹಾಸಿಗೆ ಕೊಡವಿ, ಕಾರಿನ ಸೀಟಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ, ಯಾವುದೋ ಮದುವೆಮನೆಯಲ್ಲಿ ಬಿದ್ದಿರಬೇಕು ಅಂತ ಕೈಬಿಟ್ಟಿದ್ದೆವು. ಆ ಮೂರು ವಾರದಲ್ಲಿ ಒಂದೆರಡು ಸಲ, ಬಾಯಿಬಿಟ್ಟು ಹೇಳದಿದ್ದರೂ, ನಮ್ಮಿಬ್ಬರ ಕಣ್ಣೂ ಅವರ ಕಡೆ ಹೋಗಿತ್ತು. ಬರೆಯಲು ನಾಚಿಕೆ ಆಗುತ್ತದೆ. ಬರೆಯದಿದ್ದರೆ ಮುಂದೆ ಬರೆಯುವುದೆಲ್ಲ ಸುಳ್ಳಾಗುತ್ತದೆ. ಓಲೆಯನ್ನು ಅವರು ಹಳೇ ಬ್ರಷ್ಷಿನಲ್ಲಿ ತಿಕ್ಕಿ ತೊಳೆದು ಕೊಟ್ಟಿದ್ದರು. ಕಡ್ಡಿಯ ಬುಡದಲ್ಲಿ ಮಾತ್ರ ಒಂದು ಕೂದಲು ಸುತ್ತಿಕೊಂಡು ಉಳಿದಿತ್ತು. "ತಿರುಪು ಸಿಗಲಿಲ್ಲ ಅಕ್ಕ, ಪೈಪಿನೊಳಗೆ ಹೋಗಿರ್ಬೇಕು" ಅಂದರು, ಅದು ತಮ್ಮದೇ ತಪ್ಪು ಅನ್ನೋ ಹಾಗೆ.

ಆ ಸಂಜೆ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. "ಎಷ್ಟು ನಿಯತ್ತಿನ ಹೆಂಗಸು ನೋಡಮ್ಮ." ಈ ಕಾಲದಲ್ಲಿ ಅಂಥವರು ಎಲ್ಲಿ ಸಿಗ್ತಾರೆ ಅಂತ ಅಮ್ಮನೂ ಅಂದಳು. ನಾಲ್ಕು ತಿಂಗಳು ಕಳೆಯಿತು. ಎದುರಿನ ಅಪಾರ್ಟ್‌ಮೆಂಟಿನಲ್ಲಿ ತಿಂಗಳಿಗೆ 800 ರೂಪಾಯಿ ಜಾಸ್ತಿ ಕೊಡುತ್ತಾರೆ ಅಂತ ಅವರು ನಮ್ಮ ಮನೆ ಬಿಟ್ಟರು. ತಿಂಗಳ ಮಧ್ಯದಲ್ಲಿ, ಎರಡು ದಿನ ಮುಂಚೆ ಹೇಳಿ. ಆವತ್ತು ಸಂಜೆ ಅದೇ ಅಮ್ಮನಿಗೆ ಅದೇ ಫೋನಿನಲ್ಲಿ ನಾನು ಹೇಳಿದ್ದು ಇದು: "ನಿಯತ್ತೇ ಇಲ್ಲ ನೋಡು ಇವರಿಗೆಲ್ಲ."

ಫೋನ್ ಇಟ್ಟ ಮೇಲೆ ಈ ಪದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತುಬಿಟ್ಟಿತು. ಓಲೆ ತಂದುಕೊಟ್ಟ ಕೈ ಅದೇ ಅಲ್ವಾ? ನಾಲ್ಕು ತಿಂಗಳಲ್ಲಿ ಆ ಕೈ ಏನನ್ನೂ ಕದ್ದಿರಲಿಲ್ಲ, ಆ ಬಾಯಿ ಸುಳ್ಳು ಹೇಳಿರಲಿಲ್ಲ. ಜಾಸ್ತಿ ಸಂಬಳ ಸಿಗುತ್ತದೆ, ಹೋಗುತ್ತೇನೆ ಅಂತ ಎದುರಿಗೆ ನಿಂತೇ ಹೇಳಿದ್ದರು. ಅಷ್ಟು ನೇರವಾಗಿ ನಾನು ಒಂದು ಕಂಪನಿಯನ್ನೂ ಬಿಟ್ಟಿಲ್ಲ. ಹದಿನಾಲ್ಕು ವರ್ಷದಲ್ಲಿ ನಾಲ್ಕು ಕೆಲಸ ಬದಲಿಸಿದ್ದೇನೆ. ನಾಲ್ಕು ಸಲವೂ ದುಡ್ಡಿಗಾಗಿ. ನಾಲ್ಕು ಸಲವೂ "ಹೊಸ ಸವಾಲು ಬೇಕಿತ್ತು" ಅಂತ ಹೇಳಿ ಕೇಕ್ ಕತ್ತರಿಸಿದ್ದೇನೆ. ನನಗೆ ನಿಯತ್ತಿಲ್ಲ ಅಂತ ಯಾರೂ ಅನ್ನಲಿಲ್ಲ. ಅದಕ್ಕೆ ಕರಿಯರ್ ಅಂತ ಬೇರೆ ಹೆಸರಿದೆ.

(ಇಲ್ಲಿ ಅವರನ್ನು 'ಅವರು' ಅಂತ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು 'ಅವಳು ಬಂದ್ಲಾ?' ಅಂತಲೇ ಕೇಳುತ್ತಿದ್ದುದು. ನನಗಿಂತ ಏಳೆಂಟು ವರ್ಷ ದೊಡ್ಡವರು.)

ಖರ್ಜೂರ

ನಿಯತ್ತು ಪುಸ್ತಕದಿಂದ ಕಲಿತ ಪದವಲ್ಲ. ಅಂಗಡಿ ಕಟ್ಟೆಯಲ್ಲಿ, ಗದ್ದೆ ಬದುವಿನಲ್ಲಿ, ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ಕಿವಿಗೆ ಬಿದ್ದದ್ದು. ಪ್ರಾಮಾಣಿಕತೆ ಭಾಷಣದಲ್ಲಿ ಬರುತ್ತದೆ, ನಿಯತ್ತು ಬೈಗುಳದಲ್ಲಿ. ಎಷ್ಟು ನಮ್ಮದಾಗಿದೆ ಅಂದರೆ ಇದು ಅರಬ್ಬಿಯಿಂದ ಬಂದದ್ದು ಅಂದರೆ ಎಷ್ಟೋ ಜನ ನಂಬುವುದಿಲ್ಲ. ಅರ್ಜಿ, ವಸೂಲಿ, ಬಾಕಿ, ರಾಜಿ, ವಕೀಲ ಇವೆಲ್ಲ ಸುಲ್ತಾನರ, ನಿಜಾಮರ, ಹೈದರ್-ಟಿಪ್ಪು ಕಾಲದ ಕಚೇರಿಗಳ ಬಾಗಿಲಿನಿಂದ ಕನ್ನಡದ ಒಳಗೆ ಬಂದವು. ಅದೇ ದಾರಿಯಲ್ಲಿ ಬಂದ ಪದಗಳ ಜೊತೆಗೇ ಇದೂ ಇದೆ. ಅರಬ್ಬಿಯಲ್ಲಿ ನಿಯ್ಯತ್ ಅಂದರೆ ಸಂಕಲ್ಪ. ಮನಸ್ಸಿನೊಳಗೆ ಅಂದುಕೊಂಡದ್ದು. ನಮಾಜಿಗೆ ನಿಲ್ಲುವಾಗ, ರೋಜಾ ಹಿಡಿಯುವಾಗ ನಿಯ್ಯತ್ ಮಾಡುತ್ತಾರೆ.

ಇದು ನನಗೆ ನಿಘಂಟಿನಿಂದ ಗೊತ್ತಾದದ್ದಲ್ಲ. ತಿಪಟೂರಿನ ಕಡೆ ನಮ್ಮೂರಲ್ಲಿ ಅಪ್ಪನ ದಿನಸಿ ಅಂಗಡಿಯ ಪಕ್ಕ ಒಬ್ಬ ದರ್ಜಿ ಇದ್ದರು. ಅವರ ಮಗ ನನ್ನ ಕ್ಲಾಸು. ಐದನೇ ಕ್ಲಾಸಿನಲ್ಲಿದ್ದಾಗ ಒಂದು ರಂಜಾನಿನಲ್ಲಿ ನಾನೂ ಒಂದು ದಿನ ಅವನ ಜೊತೆ ಉಪವಾಸ ಇರುತ್ತೇನೆ ಅಂತ ಹಟ ಹಿಡಿದೆ. ಮಧ್ಯಾಹ್ನದ ತನಕ ಹೇಗೋ ಇದ್ದೆ. ಆಮೇಲೆ ಅಪ್ಪನ ಅಂಗಡಿಯ ಭರಣಿಯಿಂದ ಎರಡು ಕಡಲೆ ಮಿಠಾಯಿ ಎತ್ತಿ, ಗೋಣಿಚೀಲಗಳ ಹಿಂದೆ ಕೂತು ತಿಂದೆ. ಸಂಜೆ ಮಾತ್ರ ಏನೂ ಆಗದವನ ಹಾಗೆ ದರ್ಜಿಯ ಮನೆಗೆ ಹೋಗಿ ಚಾಪೆಯ ಮೇಲೆ ಕೂತೆ. ತಟ್ಟೆ ಮುಂದೆ ಬಂದಾಗ ಅಳು ಬಂತು. ಹೇಳಿಬಿಟ್ಟೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಬಟ್ಟೆ ಅಳೆಯುವ ಟೇಪು ಇನ್ನೂ ಕೊರಳಲ್ಲೇ ಇತ್ತು. "ಬೆಳಿಗ್ಗೆ ಎದ್ದಾಗ ಇರ್ಬೇಕು ಅಂತ ಮನಸ್ಸಿತ್ತಾ?" ಅಂತ ಕೇಳಿದರು. ಇತ್ತು ಅಂದೆ. "ನಿಯತ್ ಇತ್ತಲ್ಲ. ತಿನ್ನು" ಅಂತ ಒಂದು ಖರ್ಜೂರ ಕೈಗಿಟ್ಟರು. ಅವರ ಧರ್ಮದ ಕಟ್ಟುಪಾಡು ಹುಡುಗನೊಬ್ಬನ ಹುಸಿ ಉಪವಾಸದ ಬಗ್ಗೆ ಏನು ಹೇಳುತ್ತದೋ ಬೇರೆ ವಿಷಯ. ಅವರ ಬಾಯಲ್ಲಿ ಆ ಪದ ನನ್ನ ಒಳಗೆ ಇಣುಕಿ ನೋಡಿತ್ತು.

ಕನ್ನಡದ ನಿಯತ್ತು ಹಾಗೆ ಒಳಗೆ ಇಣುಕುವುದಿಲ್ಲ. ಕಡಲೆ ಮಿಠಾಯಿ ತಿಂದೆಯಾ ಇಲ್ಲವಾ, ಅಷ್ಟೇ ಕೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಯಾರ ಭರಣಿಯಿಂದ ತಿಂದೆ ಅಂತ ಕೇಳುತ್ತದೆ.

ಯಾರಿಗೆ?

ಈ ಪದವನ್ನು ವಾಕ್ಯದಲ್ಲಿ ಇಟ್ಟು ನೋಡಿ. "ಅವನು ಪ್ರಾಮಾಣಿಕ" ಅಂದರೆ ಮಾತು ಮುಗಿಯಿತು. "ಅವನು ನಿಯತ್ತಾಗಿದ್ದ" ಅಂದರೆ ಮುಗಿಯುವುದಿಲ್ಲ. ಯಾರಿಗೆ ಅಂತ ಕೇಳಬೇಕು ಅನ್ನಿಸುತ್ತದೆ. ಧಣಿಗೆ, ಯಜಮಾನನಿಗೆ, ಪಕ್ಷಕ್ಕೆ, ತಿಂದ ಅನ್ನಕ್ಕೆ. ಆ 'ಗೆ' ಯಾವಾಗಲೂ ಮೇಲಕ್ಕೇ ತಿರುಗಿರುತ್ತದೆ. ಆಳು ಧಣಿಗೆ ನಿಯತ್ತಾಗಿದ್ದ ಅನ್ನುತ್ತೇವೆ. ಧಣಿ ಆಳಿಗೆ ನಿಯತ್ತಾಗಿದ್ದ ಅಂತ ಒಂದು ಸಲ ಹೇಳಿ ನೋಡಿ, ನಾಲಿಗೆಯೇ ತೊಡರುತ್ತದೆ. "ನಿಯತ್ತಾಗಿ ದುಡ್ಕೊಂಡು ತಿನ್ನು" ಅನ್ನೋದು ಒಳ್ಳೆಯ ಮಾತೇ. ಅದನ್ನೂ ದುಡಿಯುವವನಿಗೇ ಹೇಳುವುದು, ದುಡಿಸುವವನಿಗಲ್ಲ. "ನಿಯತ್ತಾಗಿ ಬಡ್ಡಿ ಕಟ್ಟಿದ" ಅಂತ ಸಾಲಗಾರನನ್ನು ಹೊಗಳುತ್ತಾರೆ. ಬಡ್ಡಿ ಹಾಕಿದವನ ನಿಯತ್ತನ್ನು ಯಾರೂ ಅಳೆಯುವುದಿಲ್ಲ.

ಅರಬ್ಬಿ ಪದವನ್ನು ನಾವು ಹೀಗೆ ತಿರುಚಿದ್ದು ಸುಮ್ನೆ ಅಲ್ಲ. ಆ ಜಾಗ ನಮ್ಮಲ್ಲಿ ಮೊದಲೇ ಇತ್ತು. ಹಳಗನ್ನಡದಲ್ಲಿ ಜೋಳವಾಳಿ ಅಂತ ಒಂದು ಪದ ಇದೆ. ಒಡೆಯ ಹಾಕಿದ ಜೋಳ ತಿಂದ ಋಣಕ್ಕೆ ಅವನಿಗಾಗಿ ಹೋರಾಡುವುದು, ಬೇಕಾದರೆ ಸಾಯುವುದು. ಉಂಡ ಮನೆಯ ಜಂತೆ ಎಣಿಸಬಾರದು ಅಂತ ಈಗಲೂ ಹೇಳುತ್ತೇವಲ್ಲ, ಅದರ ಬೇರು ಅಲ್ಲಿಯದೇ. ಹೊರಗಿನಿಂದ ಬಂದ ಪದಕ್ಕೆ ಈ ಹಳೇ ಅಂಗಿ ತೊಡಿಸಿದೆವು, ಸರಿಯಾಗಿ ಕೂತುಬಿಟ್ಟಿತು.

ಮತ್ತೆ ನಾಯಿ. ನಿಯತ್ತು ಅಂದ ಮೇಲೆ ನಾಯಿ ಬರಲೇಬೇಕು. "ನಾಯಿಗಿರೋ ನಿಯತ್ತು ನಿನಗಿಲ್ವಲ್ಲೋ" ಅಂತ ಬೈಸಿಕೊಳ್ಳದೆ ಬೆಳೆದವರು ನಮ್ಮ ಕಡೆ ಕಡಿಮೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲಿತ್ತು. ಸುಮಾರು 950ರ ಶಾಸನ. ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ನಾಯಿಯ ಹೆಸರು ಕಾಳಿ. ಗಂಗರ ದೊರೆ ಇಮ್ಮಡಿ ಬೂತುಗನ ಬಳಿ ಇದ್ದದ್ದು. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ. ಆ ಕಾಳಗದಲ್ಲಿ ಚೆನ್ನಾಗಿ ಹೋರಾಡಿದ ಮಣಲೇರ ಎಂಬ ಸೇವಕ ಮೆಚ್ಚುಗೆಯಾಗಿ ಈ ನಾಯಿಯನ್ನೇ ಕೇಳಿ ಪಡೆದ. ಆಮೇಲೆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೇರ ಕಲ್ಲು ನಿಲ್ಲಿಸಿದ. ಕಲ್ಲಿನ ಮೇಲೆ ನಾಯಿ, ಹಂದಿ ಎರಡೂ ಇವೆ.

ಚಿಕ್ಕವನಿದ್ದಾಗ ಶಾಲೆಯಿಂದ ಪ್ರವಾಸ ಹೋದಾಗ ಮೇಷ್ಟ್ರು ಈ ಕಲ್ಲಿನ ಮುಂದೆ ನಿಲ್ಲಿಸಿ ನಿಯತ್ತಿನ ಪಾಠ ಹೇಳಿದ್ದರು. ಕೆಲಸದವರು ಬಿಟ್ಟು ಹೋದ ಮೇಲೆ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಮತ್ತೆ ಹೋಗಿದ್ದೆ. ಈ ಸಲ ನನ್ನ ಕಣ್ಣಿಗೆ ಬಿದ್ದದ್ದು ನಾಯಿಯಲ್ಲ, ಮಣಲೇರ. ಅವನೂ ಜೋಳ ತಿಂದವನೇ. ಕೆಲಸ ಮಾಡಿದ, ತನಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳಿದ, ದೊರೆ ಕೊಟ್ಟ. ಕೇಳಿದ್ದಕ್ಕೆ ಅವನ ನಿಯತ್ತು ಕಡಿಮೆಯಾಯಿತು ಅಂತ ಕಲ್ಲು ಹೇಳುವುದಿಲ್ಲ. ಮಗಳಿಗೆ ಮಾತ್ರ ಒಂದೇ ಪ್ರಶ್ನೆ: "ನಾಯಿನ ಕೇಳಿದ್ರಾ, ನಿಂಗೆ ಅವರ ಮನೆಗೆ ಹೋಗೋಕೆ ಇಷ್ಟಾನಾ ಅಂತ?"

ಅಪ್ಪನ ತಕ್ಕಡಿ

ಅಪ್ಪ ಪ್ರಾಮಾಣಿಕ ಅನ್ನುವ ಪದ ಬಳಸಿದ್ದು ನನಗೆ ನೆನಪಿಲ್ಲ. ಯಾರ ಬಗ್ಗೆಯಾದರೂ ಒಳ್ಳೆಯ ಮಾತು ಹೇಳಬೇಕಿದ್ದರೆ "ವ್ಯವಹಾರ ನೇರ" ಅನ್ನುತ್ತಿದ್ದ. ಇನ್ನೂ ದೊಡ್ಡ ಹೊಗಳಿಕೆ ಅಂದರೆ "ಕೈ, ಬಾಯಿ, ಕಚ್ಚೆ ಮೂರೂ ಶುದ್ಧ". ಆ ಮೂರನೆಯದರ ಅರ್ಥ ನನಗೆ ಗೊತ್ತಾಗಲು ಬಹಳ ವರ್ಷ ಬೇಕಾಯಿತು. ಪ್ರಾಮಾಣಿಕ ಅನ್ನುವ ಪದ ಮಾತ್ರ ಅವನ ಅಂಗಡಿಯಲ್ಲೇ ನೇತಾಡುತ್ತಿತ್ತು. ಪ್ರಮಾಣ ಅಂದರೆ ಅಳತೆ. ಅಳತೆಗೆ ಸರಿಹೊಂದಿದವನು ಪ್ರಾಮಾಣಿಕ. ಹಿಂದಿಯವರು ಈ ಪದವನ್ನು ಕಾಗದಪತ್ರಕ್ಕೆ, ಅಸಲಿ ಎಂಬ ಅರ್ಥದಲ್ಲಿ ಬಳಸುತ್ತಾರೆ. ಮನುಷ್ಯನಿಗೆ ಅವರದು ಇಮಾನ್‌ದಾರ್. ನಾವು, ಮರಾಠಿಗರು ಮನುಷ್ಯನಿಗೇ ಹೇಳುತ್ತೇವೆ. ಕಾಗದಕ್ಕೆ ಇರಬೇಕಾದ ಗುಣವನ್ನು ಮನುಷ್ಯನಿಗೆ ಹಚ್ಚಿದ್ದೇವೆ. ಒಂದು ತಮಾಷೆ ನೋಡಿ, ಋಜು ಅಂದರೆ ಸಂಸ್ಕೃತದಲ್ಲಿ ನೇರ, ಕಪಟ ಇಲ್ಲದ್ದು. ಕಾಗದದ ಕೆಳಗೆ ಹಾಕುವ ರುಜು ಪಾರಸಿ ಕಡೆಯಿಂದ ಬಂದದ್ದು. ಎರಡಕ್ಕೂ ಸಂಬಂಧ ಇಲ್ಲ. ಸರ್ಕಾರಿ ಕಚೇರಿಗೆ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪನ ಬಟ್ಟುಗಳು ಆರು ಮೂಲೆಯ ಎರಕದ ಕಬ್ಬಿಣದವು. ತಿರುವಿ ನೋಡಿದರೆ ಕೆಳಗೆ ಒಂದು ಕುಳಿ, ಅದರಲ್ಲಿ ಸೀಸ ತುಂಬಿರುತ್ತದೆ. ತೂಕ ಮಾಪನದವರು ಆ ಸೀಸದ ಮೇಲೆ ಮುದ್ರೆ ಒತ್ತುತ್ತಿದ್ದರು. ಬಟ್ಟು ಸವೆದಿದ್ದರೆ ಸೀಸ ಸೇರಿಸುತ್ತಾರೆ, ಮತ್ತೆ ಒತ್ತುತ್ತಾರೆ. ಅಪ್ಪ ಮೊದಲು ಖಾಲಿ ತಕ್ಕಡಿ ಎತ್ತಿ ಗಿರಾಕಿಗೆ ತೋರಿಸುತ್ತಿದ್ದ. ಮುಳ್ಳು ನಡುವೆ ನಿಲ್ಲುವ ತನಕ ಕಾಯುತ್ತಿದ್ದ. ಆಮೇಲೆ ಸಕ್ಕರೆಯೋ ಬೇಳೆಯೋ ಸುರಿದು, ತಟ್ಟೆ ಸ್ವಲ್ಪ ಕೆಳಗೆ ಜಗ್ಗಿದ ಮೇಲೂ ಎರಡು ಬೆರಳಿನ ಚಿಟಿಕೆ ಕೊಸರು. ಆ ಕೊಸರು ನನಗೆ ಬಹಳ ಇಷ್ಟ. ಅಳತೆ ಮುಗಿದ ಮೇಲೆ ಬರುವುದು ಅದು. ಯಾವ ಇನ್‌ಸ್ಪೆಕ್ಟರೂ ಅದನ್ನು ಕೇಳುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಅಪ್ಪನ ಚಿತ್ರ ಚಂದ ಕಾಣುತ್ತದೆ. ಆದರೆ ಸುಗ್ಗಿಯಲ್ಲಿ ಅಪ್ಪ ರಾಗಿ ಕೊಳ್ಳುತ್ತಿದ್ದ. ರೈತರು ಚೀಲ ತಂದು ಇಳಿಸುತ್ತಿದ್ದರು. ತೂಗಿದ ಮೇಲೆ ಚೀಲದ ತೂಕ ಅಂತ ಒಂದು ಕೆಜಿ ಕಳೆಯುತ್ತಿದ್ದ. ಖಾಲಿ ಗೋಣಿಚೀಲ ಒಂದು ಕೆಜಿ ತೂಗುವುದಿಲ್ಲ. ನಾನೇ ಒಂದು ಮಧ್ಯಾಹ್ನ ಅವನು ಊಟಕ್ಕೆ ಹೋಗಿದ್ದಾಗ ತೂಗಿ ನೋಡಿದ್ದೆ. ಮುಕ್ಕಾಲು ಕೆಜಿಯೂ ಬರಲಿಲ್ಲ. ಅದೇ ತಕ್ಕಡಿ, ಅದೇ ಮುದ್ರೆ ಒತ್ತಿದ ಬಟ್ಟು. ರಾತ್ರಿ ಕೇಳಿದೆ. ಅಪ್ಪ ಸಿಟ್ಟಾಗಲಿಲ್ಲ, ನಾಚಿಕೊಳ್ಳಲೂ ಇಲ್ಲ. "ಅದು ಪದ್ಧತಿ ಕಣೋ. ಎಲ್ಲರೂ ಒಂದು ಕೆಜಿನೇ ಹಿಡಿಯೋದು" ಅಂದ. ಅವನ ದನಿಯಲ್ಲಿ ಸುಳ್ಳು ಇರಲಿಲ್ಲ. ನಿಜವಾಗಿಯೂ ಅವನಿಗೆ ಅದು ಮೋಸ ಅಂತ ಅನ್ನಿಸಿರಲೇ ಇಲ್ಲ. ಕೊಳ್ಳಲು ಬಂದ ಗಿರಾಕಿಗೆ ಕೊಸರು, ಮಾರಲು ಬಂದ ರೈತನಿಗೆ ಕಡಿತ. ಗಿರಾಕಿ ನಾಳೆ ಪಕ್ಕದ ಅಂಗಡಿಗೆ ಹೋಗಬಹುದು. ರೈತ ಅಷ್ಟು ಸುಲಭಕ್ಕೆ ಚೀಲ ಹೊತ್ತು ಬೇರೆ ಕಡೆ ಹೋಗಲಾರ.

ಪದ್ಧತಿ ಅನ್ನುವ ಆ ಪದಕ್ಕೆ ಒಬ್ಬ ಅಣ್ಣ ಇದ್ದಾನೆ. ಮಾಮೂಲಿ. ಅದೂ ಅರಬ್ಬಿ ಕಡೆಯಿಂದ ಬಂದದ್ದು. ರೂಢಿಯಲ್ಲಿರುವುದು ಅಂತ ಅರ್ಥ. ಕನ್ನಡದಲ್ಲಿ ಮಾಮೂಲಿ ಅಂದರೆ ಎಂದಿನಂತೆ, ಮಾಮೂಲಿ ಅಂದರೆ ಲಂಚ ಕೂಡ. ಲಂಚ ಅನ್ನುವ ಪದವನ್ನು ಕೊಡುವವನೂ ಹೇಳುವುದಿಲ್ಲ, ತಗೊಳ್ಳುವವನೂ ಹೇಳುವುದಿಲ್ಲ. ಅದು ಪೇಪರಿನವರ, ಲೋಕಾಯುಕ್ತದವರ ಪದ. ಕೌಂಟರಿನ ಎರಡೂ ಕಡೆ ನಡೆಯುವುದು ಮಾಮೂಲಿ, ಕಾಫಿ ಖರ್ಚು, 'ನೋಡ್ಕೊಳ್ಳಿ'. ಸುಳ್ಳು ಹೇಳಿ ಮೋಸ ಮಾಡುವವರು ಎಷ್ಟಿದ್ದಾರೋ. ಎಲ್ಲರೂ ಮಾಡುವುದನ್ನೇ ಮಾಡುತ್ತಿದ್ದೇನೆ ಅನ್ನುವವರ ಸಂಖ್ಯೆ ಅದಕ್ಕಿಂತ ಜಾಸ್ತಿ ಅಂತ ನನ್ನ ಅನುಮಾನ. ಅಪ್ಪನನ್ನೂ, ನನ್ನನ್ನೂ ಆ ಎರಡನೇ ಸಾಲಿಗೆ ಸೇರಿಸುತ್ತೇನೆ.

ಪ್ರಮಾಣ ಅಂದರೆ ಆಣೆ ಕೂಡ ಹೌದು. ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ ಅನ್ನುವ ಊರು ನಮ್ಮದು. 2011ರಲ್ಲಿ ಆಗಿನ ಮುಖ್ಯಮಂತ್ರಿ, ಒಬ್ಬ ಮಾಜಿ ಮುಖ್ಯಮಂತ್ರಿ ಪರಸ್ಪರ ಸವಾಲು ಹಾಕಿಕೊಂಡು ಆಣೆ ಪ್ರಮಾಣಕ್ಕೆ ಅಂತ ಧರ್ಮಸ್ಥಳಕ್ಕೆ ಹೋದದ್ದು ನೆನಪಿರಬಹುದು. ಇಬ್ಬರೂ ದರ್ಶನ ಮಾಡಿಕೊಂಡು ಬಂದರು. ಆಣೆ ಹಾಕಲಿಲ್ಲ. ಆವತ್ತು ಎಲ್ಲರೂ ನಕ್ಕರು. ನನಗೆ ಈಗ ಅನ್ನಿಸುತ್ತದೆ, ಮಂಜುನಾಥನ ಮುಂದೆ ಬಾಯಿ ಕಟ್ಟುತ್ತದೆ ಅಂದರೆ ಪದಕ್ಕೆ ಇನ್ನೂ ಸ್ವಲ್ಪ ತೂಕ ಉಳಿದಿದೆ ಅಂತ ಆಯಿತಲ್ಲ.

ಮೆರೆದವರು

ಪೇಪರಿನಲ್ಲಿ ಒಂದು ತಲೆಬರಹ ಹದಿನೈದು ದಿನಕ್ಕೊಮ್ಮೆಯಾದರೂ ಬರುತ್ತದೆ: 'ಪ್ರಾಮಾಣಿಕತೆ ಮೆರೆದ ಆಟೋ ಚಾಲಕ'. ಕೆಲವು ಸಲ ಬಸ್ ಕಂಡಕ್ಟರ್, ಕೆಲವು ಸಲ ಪೌರಕಾರ್ಮಿಕರು. ಪಕ್ಕದಲ್ಲಿ ಫೋಟೋ, ಪೊಲೀಸ್ ಠಾಣೆಯಲ್ಲಿ ಬ್ಯಾಗು ಹಿಡಿದುಕೊಂಡು ನಿಂತದ್ದು. ಬ್ಯಾಗಿನ ಒಡೆಯರು ನಗುತ್ತಿರುತ್ತಾರೆ. ಕೊಟ್ಟವರು ನಗುವುದು ಕಡಿಮೆ. ಮೆರೆಯುವುದು ಅಂದರೆ ಏನು? ದೇವರು ಮೆರೆಯುತ್ತಾನೆ, ಮದುಮಗ ಮೆರೆಯುತ್ತಾನೆ. ಬಾಡಿಗೆ ಮುಗಿಸಿ ಹಿಂದಿನ ಸೀಟಿನಲ್ಲಿ ಬ್ಯಾಗು ನೋಡಿ, ಒಂದು ಬಾಡಿಗೆ ಕಳೆದುಕೊಂಡು ವಾಪಸು ಹೋದವನು ಎಲ್ಲಿ ಮೆರೆದ? 'ಪ್ರಾಮಾಣಿಕತೆ ಮೆರೆದ ಬಿಲ್ಡರ್' ಅಂತ ನಾನಂತೂ ಓದಿಲ್ಲ. ಬಡವರ ಕೈ ಅಲ್ಲಾಡಲಿಲ್ಲ ಅನ್ನುವುದು ನಮಗೆ ಸುದ್ದಿ. ಅಂದರೆ ಅಲ್ಲಾಡುತ್ತದೆ ಅಂತ ಮೊದಲೇ ನಂಬಿದ್ದೇವೆ. ಮೂರು ವಾರ ನಮ್ಮಿಬ್ಬರ ಕಣ್ಣು ಅತ್ತ ಹೋದದ್ದೂ ಅದಕ್ಕೇ.

ಅನುಕೂಲಸ್ಥರ ಬಗ್ಗೆ ಮಾತಾಡುವಾಗ ನಮಗೆ ಬೇರೆ ಪದಗಳಿವೆ. ಲಂಚ ಮುಟ್ಟದ ಅಧಿಕಾರಿಯನ್ನು 'ಸ್ಟ್ರಿಕ್ಟು' ಅನ್ನುತ್ತೇವೆ, ಅದೊಂದು ಸ್ವಭಾವದ ದೋಷ ಅನ್ನೋ ಹಾಗೆ. ಸಾಚಾ ಅನ್ನುವ ಪದ ಕನ್ನಡಕ್ಕೆ ಬಂದ ಮೇಲೆ ಬರೀ ಕೊಂಕಿಗೆ ಉಳಿಯಿತು: "ದೊಡ್ಡ ಸಾಚಾ ಇವ್ನು." ಹಾಗೇ 'ನಿಜ'. ಸಂಸ್ಕೃತದಲ್ಲಿ ನಿಜ ಅಂದರೆ ತನ್ನದು, ಸ್ವಂತದ್ದು. ಹಿಂದಿಯಲ್ಲಿ ನಿಜೀ ಅಂದರೆ ಈಗಲೂ ಖಾಸಗಿ. ಕನ್ನಡದಲ್ಲಿ ಅದೇ ಸತ್ಯ ಆಯಿತು. ಈ ಬೆಳವಣಿಗೆ ನನಗೆ ಎಲ್ಲಕ್ಕಿಂತ ಇಷ್ಟ. ಖರ್ಜೂರ ಕೊಟ್ಟ ದರ್ಜಿ ಹೇಳಿದ್ದು ಇದೇ ಇರಬೇಕು.

ಹನ್ನೊಂದು ದಿನ

ಇಷ್ಟೆಲ್ಲ ಬರೆದು ಒಂದು ವಿಷಯ ಬಿಟ್ಟಿದ್ದೇನೆ. ತಿಂಗಳ ಮಧ್ಯೆ ಬಿಟ್ಟು ಹೋದರು ಅಂದೆನಲ್ಲ. ಆ ತಿಂಗಳು ಅವರು ಬಂದಷ್ಟು ದಿನದ ಸಂಬಳ ನಾವು ಕೊಟ್ಟಿರಲಿಲ್ಲ. ಕೊಡಬಾರದು ಅಂತ ಮಾತಾಡಿಕೊಂಡೂ ಇರಲಿಲ್ಲ. ಅವರು ಕೇಳಲು ಬರಲಿಲ್ಲ, ನಾವು ಕರೆದು ಕೊಡಲಿಲ್ಲ. ಹಾಗೆ ಬಿಟ್ಟು ಹೋದವರಿಗೆ ಕೊಡದಿರುವುದು ನಮ್ಮ ಲೇಔಟಿನಲ್ಲಿ, ಏನು ಹೇಳಲಿ, ಪದ್ಧತಿ.

ಹೋದ ವಾರ ಸಂಜೆ ತಳ್ಳುಗಾಡಿಯ ಹತ್ತಿರ ಸಿಕ್ಕರು. ಟೊಮೆಟೊ ಒಂದೊಂದನ್ನೇ ಒತ್ತಿ ನೋಡಿ ಬುಟ್ಟಿಗೆ ಹಾಕುತ್ತಿದ್ದರು. ಪಾಪು ಹೇಗಿದೆ ಅಂತ ಮಗಳ ಬಗ್ಗೆ ಕೇಳಿದರು. ನಾನು ತಡವರಿಸಿ, ನಿಮ್ಮದು ಬಾಕಿ ಇದೆ, ಕೊಡಬೇಕಿತ್ತು ಅಂದೆ. ತಿಂಗಳಿಗೆ 3000, ದಿನಕ್ಕೆ 100. ಹತ್ತು ದಿನದ ಲೆಕ್ಕಕ್ಕೆ ಎರಡು 500ರ ನೋಟು ತೆಗೆದು ಕೊಟ್ಟೆ. ಅವರು ತೆಗೆದುಕೊಂಡರು. ಬೇಡ ಅನ್ನಲಿಲ್ಲ, ಥ್ಯಾಂಕ್ಸ್ ಅನ್ನಲಿಲ್ಲ. ಬೆಳಕಿಗೆ ಹಿಡಿದು ನೋಡಿ ಮಡಿಸಿದರು.

"ಹತ್ತಲ್ಲ ಸಾರ್, ಹನ್ನೊಂದು ದಿನ."

ಭಾನುವಾರ ರಜೆ ಅಲ್ವಾ ಅಂದೆ.

"ಆವತ್ತು ನಿಮ್ಮನೇಲಿ ಪೂಜೆ ಇತ್ತಲ್ಲ. ಕೊಳಗ ಎಲ್ಲ ಇತ್ತು. ಬಂದಿದ್ದೆ."

ಬಂದಿದ್ದರು. ಮೂವತ್ತು ಜನರ ಊಟದ ಪಾತ್ರೆ. ಸಂಜೆ ಐದರ ತನಕ ಹಿತ್ತಲಲ್ಲೇ ಕೂತಿದ್ದರು. ಜೇಬಿನಲ್ಲಿ ಚಿಲ್ಲರೆ ತಡಕಿದೆ, ಇಪ್ಪತ್ತು ರೂಪಾಯಿ ಸಿಕ್ಕಿತು. ಅವರು ತರಕಾರಿ ಚೀಲವನ್ನು ಇನ್ನೊಂದು ಕೈಗೆ ಬದಲಿಸಿ ಮೊಬೈಲ್ ತೆಗೆದರು. "ಫೋನ್‌ಪೇ ಮಾಡಿ ಸಾರ್, ನಂಬರ್ ಅದೇ."